ಬೆಣ್ಣೆಯ ಅಧ್ಯಕ್ಷನಿಗೊಂದು ತಲೆ

ಎಲ್ಡನ್: ಇನ್ನೆಷ್ಟು ಹೊತ್ತು ಇವನನ್ನ ತಲೆ ಇಲ್ಲದೆ ನಿಲ್ಲಿಸ್ತೀರಿ, ಟೀಚರ್? ನಾಳೆ ಬೆಳಿಗ್ಗೆ ಜನ ನೋಡೋಕೆ ಬರ್ತಾರೆ.

ವಿನಿಫ್ರೆಡ್: ಈ ದೇಶ ಎಷ್ಟೋ ವರ್ಷ ಹಾಗೇ ನಿಂತಿತ್ತು. ಇವನು ಒಂದು ಮಧ್ಯಾಹ್ನ ನಿಂತರೆ ಏನೂ ಆಗಲ್ಲ.

ಡೆಲ್ಬರ್ಟ್: ಇವನಿಗೆ ಏನೂ ಆಗಲ್ಲ. ನನಗೆ ಕಾಲು ಮರಗಟ್ಟಿದೆ.

ಓಹಿಯೋದ ಕೆಟಲ್‌ಬ್ರೂಕ್ ಜಿಲ್ಲಾ ಮೇಳದ ಮೈದಾನ. ಆಗಸ್ಟ್ ತಿಂಗಳು. ಹೊರಗೆ ಡಾಂಬರು ಮೆತ್ತಗಾಗುವಂಥ ಬಿಸಿಲು. ಒಳಗೆ, ಗಾಜಿನ ಗೋಡೆಯ ಶೀತಕೋಣೆಯಲ್ಲಿ, ಮೂವರೂ ಉಣ್ಣೆಯ ಕೋಟು ತೊಟ್ಟು ನಿಂತಿದ್ದರು. ನಡುವೆ ಆಳೆತ್ತರದ ಬೆಣ್ಣೆಯ ಗಂಡಸು. ಉದ್ದ ಕೋಟು, ಗುಂಡಿಗಳು, ಬೂಟು, ಬೆನ್ನ ಹಿಂದೆ ಕಟ್ಟಿದ ಕೈ, ಎಲ್ಲವೂ ಇದ್ದವು. ಕೊರಳ ಮೇಲೆ ಮಾತ್ರ ಬರಿಯ ತಂತಿಯ ಗೂಡು. ಪ್ರತಿವರ್ಷ ದೇಶದ ಹಿಂದಿನ ಅಧ್ಯಕ್ಷರೊಬ್ಬರನ್ನು ಬೆಣ್ಣೆಯಲ್ಲಿ ಮಾಡಿ ನಿಲ್ಲಿಸುವುದು ಈ ಮೇಳದ ಪದ್ಧತಿ. ಮುಂಡವನ್ನು ಡೆಲ್ಬರ್ಟ್ ಮೊದಲೇ ಮಾಡಿಡುತ್ತಾನೆ, ಏಕೆಂದರೆ ಮುಂಡ ಎಲ್ಲರದೂ ಒಂದೇ. ತಲೆ ಯಾರದು ಎಂಬುದನ್ನು ಸಮಿತಿ ತೀರ್ಮಾನಿಸಬೇಕು. ಈ ವರ್ಷ ಯಾರೋ ಕಾಲಬುಡದ ಫಲಕದ ಮೇಲೆ ‘ಒಳ್ಳೆಯ ನಾಯಕ’ ಎಂದು ಬರೆಸಿಬಿಟ್ಟದ್ದರಿಂದ ತೊಂದರೆ ಶುರುವಾಯಿತು.

ಸಮಿತಿ ಎಂದರೆ ಈ ಮೂವರೇ. ಅಧ್ಯಕ್ಷೆ ವಿನಿಫ್ರೆಡ್, ಶಾಲೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತಳಾದವಳು. ಡೆಲ್ಬರ್ಟ್ ಅವಳ ಗಂಡ. ಆಯುಷ್ಯವೆಲ್ಲ ಹಸು ಸಾಕಿದವನು, ಈಗ ಬೆಣ್ಣೆ ಕೆತ್ತುತ್ತಾನೆ. ಎಲ್ಡನ್ ಹರಾಜು ಕೂಗುವವನು. ದನ, ಟ್ರ್ಯಾಕ್ಟರು, ಸತ್ತವರ ಮನೆಯ ಸಾಮಾನು, ಯಾವುದಾದರೂ ಸರಿ. ಒಂದು ಕಾಲಕ್ಕೆ ವಿನಿಫ್ರೆಡ್‌ಳ ವಿದ್ಯಾರ್ಥಿ. ಅವಳ ಲೆಕ್ಕದಲ್ಲಿ ಇನ್ನೂ ಪಾಸಾಗಿಲ್ಲ.

ವಿನಿಫ್ರೆಡ್: ಚರ್ಚೆ ಮುಂದುವರೀಲಿ. ಎಲ್ಡನ್, ನಿನ್ನ ಸೂಚನೆ ಏನು?

ಎಲ್ಡನ್: ಥಿಯೋಡೋರ್ ರೂಸ್ವೆಲ್ಟ್. ಗಂಡಸು ಅಂದ್ರೆ ಗಂಡಸು. ಎದೆಗೆ ಗುಂಡು ಬಿದ್ದರೂ ಭಾಷಣ ನಿಲ್ಲಿಸಲಿಲ್ಲ ಆತ.

ವಿನಿಫ್ರೆಡ್: ಅದನ್ನ ಒಳ್ಳೆ ಗುಣ ಅಂತಿದ್ದೀಯಾ? ಭಾಷಣ ನಿಲ್ಲಿಸೋದಕ್ಕೆ ಅದಕ್ಕಿಂತ ಒಳ್ಳೆ ನೆಪ ಯಾರಿಗೆ ಸಿಕ್ಕೀತು?

ಎಲ್ಡನ್: ಜೇಬಲ್ಲಿ ಭಾಷಣದ ಕಾಗದ ಮಡಿಸಿ ಇಟ್ಟುಕೊಂಡಿದ್ದ. ಗುಂಡು ಅದಕ್ಕೆ ತಾಗಿ ನಿಧಾನ ಆಯ್ತು. ಬದುಕಿಕೊಂಡ.

ಡೆಲ್ಬರ್ಟ್: ಉದ್ದ ಭಾಷಣದಿಂದ ಒಬ್ಬನಿಗಾದ್ರೂ ಉಪಕಾರ ಆಯ್ತಲ್ಲ. ನಮ್ಮ ಮುದುಕ ಹ್ಯಾರಿಸನ್ ಅಧ್ಯಕ್ಷನಾದ ದಿನವೇ ಚಳೀಲಿ ಕೋಟಿಲ್ಲದೆ ಎರಡು ಗಂಟೆ ಮಾತಾಡಿ ತಿಂಗಳಿಗೆ ಸತ್ತೇಹೋದ.

ವಿನಿಫ್ರೆಡ್: ಅದು ಭಾಷಣದಿಂದ ಅಲ್ಲ, ಕುಡಿಯೋ ನೀರು ಕೆಟ್ಟಿತ್ತು ಅಂತ ಈಗ ಹೇಳ್ತಾರೆ.

ಡೆಲ್ಬರ್ಟ್: ಏನೇ ಆಗಲಿ, ಒಂದು ತಿಂಗಳಲ್ಲಿ ಯಾರಿಗೂ ತೊಂದರೆ ಕೊಡಲಿಲ್ಲ. ಒಳ್ಳೆ ನಾಯಕ ಅಂದ್ರೆ ಅವನೇ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಎಲ್ಡನ್: ನೀನು ಕೆತ್ತು ಮಾರಾಯ, ರಾಜಕೀಯ ನಮಗೆ ಬಿಡು.

ಡೆಲ್ಬರ್ಟ್: ಕೆತ್ತೋನು ನಾನೇ ಅಂತಾನೇ ಹೇಳ್ತಿರೋದು. ರೂಸ್ವೆಲ್ಟ್ ಆಗಲ್ಲ. ಬಾಯಿ ತುಂಬ ಹಲ್ಲು, ಮೂಗಿನ ಮೇಲೆ ಕನ್ನಡಕ. ಬೆಣ್ಣೇಲಿ ಕನ್ನಡಕ ಹೇಗೆ ಮಾಡಲಿ? ಕೂಲಿಜ್ ಮಾಡೋಣ. ಬಾಯಿ ಮುಚ್ಚಿರ್ತಿತ್ತು, ಮಧ್ಯಾಹ್ನ ನಿದ್ದೆ ಮಾಡ್ತಿದ್ದ. ಒಂದು ಗೆರೆ ಎಳೆದರೆ ಮುಖ ಮುಗೀತು.

ವಿನಿಫ್ರೆಡ್: ಒಳ್ಳೆ ನಾಯಕ ಯಾರು ಅಂದ್ರೆ ಕೆತ್ತೋದು ಸುಲಭ ಇರೋನು ಅಂತೀಯಲ್ಲ!

ಡೆಲ್ಬರ್ಟ್: ಚರಿತ್ರೆ ಬರೆಯೋರೂ ಅದನ್ನೇ ತಾನೆ ಮಾಡೋದು?

ವಿನಿಫ್ರೆಡ್ ಬೆಣ್ಣೆ ಬಳಿಯುವ ಮರದ ಸೌಟನ್ನು ತೆಗೆದುಕೊಂಡು ತಗಡಿನ ಡಬ್ಬಕ್ಕೆ ಎರಡು ಸಲ ಬಡಿದಳು. ಸಭೆಯಲ್ಲಿ ಶಾಂತಿ ಕಾಪಾಡುವ ಕ್ರಮ ಇದು. ಇರುವವರು ಮೂವರೇ ಆದರೂ ಸಭೆ ಸಭೆಯೇ.

ಎಲ್ಡನ್: ಹಾಗಾದ್ರೆ ನಮ್ಮ ಓಹಿಯೋದವರನ್ನೇ ಯಾರನ್ನಾದ್ರೂ ಹಾಕಿ. ಎಷ್ಟು ಜನ ಅಧ್ಯಕ್ಷರನ್ನ ಹೆತ್ತಿದೆ ಈ ರಾಜ್ಯ!

ವಿನಿಫ್ರೆಡ್: ಹೆತ್ತಿದೆ, ಹೌದು. ಗ್ರಾಂಟ್ ತಾನು ಲಂಚ ತಿನ್ನಲಿಲ್ಲ, ತಿನ್ನೋ ಸ್ನೇಹಿತರಿಗೆ ಬಾಗಿಲು ತೆಗೆದಿಟ್ಟ. ಹಾರ್ಡಿಂಗ್‌ನ ಮಂತ್ರಿ ಜೈಲಿಗೆ ಹೋದ. ಗಾರ್‌ಫೀಲ್ಡ್‌ಗೂ ಮೆಕಿನ್ಲಿಗೂ ಗುಂಡು ಹೊಡೆದರು. ಟಾಫ್ಟ್...

ಡೆಲ್ಬರ್ಟ್: ಟಾಫ್ಟ್ ಬೇಡ! ಅವನ ಹೊಟ್ಟೆಗೆ ಇಡೀ ಜಿಲ್ಲೆಯ ಹಸು ಕರೆದರೂ ಬೆಣ್ಣೆ ಸಾಲಲ್ಲ.

ಎಲ್ಡನ್: ಲಿಂಕನ್?

ಡೆಲ್ಬರ್ಟ್: ಹೋದ ವರ್ಷ ಲಿಂಕನ್ ಆಯ್ತಲ್ಲ. ಕರೆಂಟು ಹೋಗಿ ಗಡ್ಡ ಹೊಟ್ಟೇವರೆಗೆ ಇಳೀತು. ಮಕ್ಕಳು ಅತ್ತವು.

ಎಲ್ಡನ್: ಸರಿ, ಜಾಕ್ಸನ್! ಜನರ ಮನುಷ್ಯ. ತನಗೆ ಬಂದ ಗಾಡಿ ಚಕ್ರದಷ್ಟು ದೊಡ್ಡ ಚೀಸನ್ನ ಶ್ವೇತಭವನದ ಬಾಗಿಲು ತೆಗೆದು ಊರಿಗೆಲ್ಲ ತಿನ್ನಿಸಿದ. ಹಾಲಿನ ಸೀಮೆಯ ಮೇಳಕ್ಕೆ ಇವನಿಗಿಂತ ಒಳ್ಳೆಯವನು ಬೇಕಾ?

ವಿನಿಫ್ರೆಡ್: ಚೀಸ್ ತಿಂದವರು ನಿನಗೆ ನೆನಪಿದ್ದಾರೆ. ಮನೆಮಠ ಬಿಡಿಸಿ ಚಳೀಲಿ ಪಶ್ಚಿಮಕ್ಕೆ ಅಟ್ಟಿಸಿಕೊಂಡವರು ನೆನಪಿಲ್ಲ. ಚೆರೋಕಿ ಜನರ ಪಾಠ ಮಾಡಿದ ದಿನ ನೀನು ಎಲ್ಲಿದ್ದೆ?

ಎಲ್ಡನ್: ಹಿಂದಿನ ಬೆಂಚಲ್ಲಿ.

ವಿನಿಫ್ರೆಡ್: ಗೊತ್ತು. ಗೊರಕೆ ಕೇಳಿಸಿತ್ತು.

ಡೆಲ್ಬರ್ಟ್ ತುಂಬ ಹೊತ್ತಿನಿಂದ ಕೈಯಲ್ಲಿ ಬೆಣ್ಣೆಯ ಮುದ್ದೆ ಹಿಡಿದು ನಿಂತಿದ್ದ. ಅದನ್ನು ತಂತಿಯ ಗೂಡಿನ ಮೇಲೆ ಮೆತ್ತಿದ. ಈಗ ಬೆಣ್ಣೆಯ ಗಂಡಸಿಗೆ ಆಲೂಗಡ್ಡೆಯಂಥ ತಲೆ ಬಂತು.

ಡೆಲ್ಬರ್ಟ್: ನೀವು ಮುಗಿಸೋದ್ರೊಳಗೆ ತಲೆಗೊಂದು ಉಂಡೆ ಮಾಡಿಟ್ಟಿರ್ತೀನಿ. ಈರೀ ಸರೋವರದಲ್ಲಿ ನನ್ನ ತಮ್ಮ ದೋಣಿ ಇಟ್ಟುಕೊಂಡು ಪ್ರತಿ ಆಗಸ್ಟಲ್ಲೂ ಕರೀತಾನೆ. ಈಗ ಮೀನು ಮೇಲಕ್ಕೆ ಬರೋ ಕಾಲ. ನಾನು ಇಲ್ಲಿ ಚಳೀಲಿ ನಡುಗುತ್ತಾ...

ವಿನಿಫ್ರೆಡ್: ಮೇಳ ಮುಗಿದ ಮೇಲೆ ಹೋಗೋಣ.

ಡೆಲ್ಬರ್ಟ್: ಮೇಳ ಮುಗಿದ ಮೇಲೆ ಲೆಕ್ಕಪತ್ರ. ಅದು ಮುಗಿದ ಮೇಲೆ ಮುಂದಿನ ಮೇಳ. ನಮ್ಮ ಮದುವೆಯಾದ ಮೇಲೆ ಒಂದು ಆಗಸ್ಟೂ ನಾನು ನೋಡಿಲ್ಲ, ವಿನ್ನಿ. ಗಾಜಿನ ಒಳಗಿಂದ ಮಾತ್ರ ನೋಡಿದ್ದೀನಿ.

ವಿನಿಫ್ರೆಡ್: ವಿಷಯಕ್ಕೆ ಬಾ. ನನ್ನ ಸೂಚನೆ ವಾಷಿಂಗ್ಟನ್. ಯುದ್ಧ ಗೆದ್ದಿದ್ದಕ್ಕೆ ಅಲ್ಲ. ಎಲ್ಲರೂ ಇರಿ ಇರಿ ಅಂದಾಗ ಎರಡು ಅವಧಿ ಸಾಕು ಅಂತ ಎದ್ದು ಮನೆಗೆ ಹೋದ. ಕುರ್ಚಿ ಹಿಡಿಯೋರು ಬೇಕಾದಷ್ಟು ಜನ. ಬಿಡೋ ಬುದ್ಧಿ ಯಾರಿಗಿದೆಯೋ ಅವನೇ ನಾಯಕ.

ಎಲ್ಡನ್: ಮನೆಗೆ ಹೋದ, ಒಪ್ಪಿದೆ. ಆ ಮನೇಲಿ ಅವನ ಹೊಲ ಉಳ್ತಿದ್ದ ಗುಲಾಮರು ಇದ್ರಲ್ಲ, ಅವರೂ ಎದ್ದು ಮನೆಗೆ ಹೋಗೋ ಹಾಗಿತ್ತಾ?



ವಿನಿಫ್ರೆಡ್: ಈ ಪ್ರಶ್ನೆಯನ್ನ ಆಗ ಕ್ಲಾಸಲ್ಲಿ ಕೇಳಿದ್ದರೆ ನಿನ್ನನ್ನ ಪಾಸ್ ಮಾಡ್ತಿದ್ದೆ.

ಎಲ್ಡನ್: ಈಗ ಮಾಡಿ.

ವಿನಿಫ್ರೆಡ್: ಈಗ ತಡವಾಯ್ತು. ನೀನು ಕೇಳಿದ್ದು ಸರಿ. ತಪ್ಪಿಲ್ಲದವನು ಬೇಕು ಅಂದ್ರೆ ಆ ಗೂಡಿನ ಮೇಲೆ ಈ ಆಲೂಗಡ್ಡೆ ತಲೆಯನ್ನೇ ಬಿಡಬೇಕಾಗುತ್ತೆ. ಆದರೂ ಬಿಟ್ಟು ಹೋದದ್ದು ದೊಡ್ಡದು.

ಎಲ್ಡನ್: ದೊಡ್ಡದು?

ವಿನಿಫ್ರೆಡ್: ಎಲ್ಲಕ್ಕಿಂತ ದೊಡ್ಡದು.

ಎಲ್ಡನ್: ಹಾಗಾದ್ರೆ ಒಂದು ಮಾತು ಕೇಳ್ತೀನಿ, ಟೀಚರ್. ಈ ಸಮಿತಿಗೆ ನೀವು ಯಾವಾಗಿಂದ ಅಧ್ಯಕ್ಷರು?

ಡೆಲ್ಬರ್ಟ್ ಚಾಕುವನ್ನು ಕೆಳಗಿಟ್ಟ.

ವಿನಿಫ್ರೆಡ್: ಬೇರೆ ಯಾರೂ ಮುಂದೆ ಬರಲಿಲ್ಲ.

ಎಲ್ಡನ್: ಬರೋಕೆ ನೀವು ಜಾಗ ಬಿಟ್ಟರೆ ತಾನೆ? ನಾನು ಬರ್ತೀನಿ. ಹಠ ಮಾಡೋ ಹೋರೀನೂ ಹಠ ಮಾಡೋ ಜನಾನೂ ಒಟ್ಟಿಗೆ ನಿಭಾಯಿಸ್ತೀನಿ ದಿನಾ. ಒಂದು ಮೇಳ ಯಾವ ಲೆಕ್ಕ? ಬರೆದುಕೊಳ್ಳಿ: ಅಧ್ಯಕ್ಷರು ವಾಷಿಂಗ್ಟನ್ ಹಾಗೆ ಮನೆಗೆ ಹೋಗಲಿ, ಆ ಜಾಗಕ್ಕೆ ಎಲ್ಡನ್ ಬರಲಿ ಅಂತ ನಾನು ಸೂಚಿಸ್ತೀನಿ.

ಬೇರೆ ಯಾವ ನಾಡಿನಲ್ಲಾದರೂ ಆಕೆ ಅವನನ್ನು ಆಚೆಗೆ ಅಟ್ಟುತ್ತಿದ್ದಳು. ಆದರೆ ಈ ಜನ ಚರ್ಚಿನ ಚಾವಣಿ ಸೋರಿದರೂ ಸೂಚನೆ ಮಂಡಿಸಿ, ಮತಕ್ಕೆ ಹಾಕಿ, ಆಮೇಲೆ ಬಕೆಟ್ಟು ಇಡುವವರು. ವಿನಿಫ್ರೆಡ್ ಬೆನ್ನು ನೆಟ್ಟಗೆ ಮಾಡಿಕೊಂಡು ಸೌಟು ಬಡಿದಳು. ಗಂಡ ತನ್ನ ಕಡೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ವಿನಿಫ್ರೆಡ್: ಸೂಚನೆ ಬಂದಿದೆ. ಪರವಾಗಿರೋರು ಕೈ ಎತ್ತಿ.

ಎಲ್ಡನ್‌ನ ಕೈ ಮೇಲೆ ಹೋಯಿತು. ಬೆಣ್ಣೆಯ ಮನುಷ್ಯನ ಹಿಂದುಗಡೆ ಇನ್ನೊಂದು ಕೈ ಮೇಲೆದ್ದು ಕಿವಿಯ ಹತ್ತಿರ ನಿಂತಿತ್ತು.

ಎಲ್ಡನ್: ಎರಡು! ಒಂದು ಸಾರಿ, ಎರಡು ಸಾರಿ, ಮೂರು ಸಾರಿ!

ವಿನಿಫ್ರೆಡ್: ಡೆಲ್ಬರ್ಟ್!

ಡೆಲ್ಬರ್ಟ್: ಕಿವಿಗೆ ಬೆಣ್ಣೆ ಹೋಗಿತ್ತು ವಿನ್ನಿ, ಒರೆಸಿಕೊಳ್ತಿದ್ದೆ.

ವಿನಿಫ್ರೆಡ್: ಅದು ಮತ ಅಲ್ಲ. ಕಿವಿ ಒರೆಸಿಕೊಳ್ಳೋದು ಮತ ಆಗಲ್ಲ.

ಎಲ್ಡನ್: ಹೋದ ವರ್ಷ ನಾನು ಕಾಫಿ ಕೇಳೋಕೆ ಕೈ ಎತ್ತಿದೆ. ಹಂದಿ ಕೊಟ್ಟಿಗೇನ ನನ್ನ ಹರಾಜು ಕಟ್ಟೆ ಪಕ್ಕಕ್ಕೆ ತರೋದಕ್ಕೆ ನನ್ನದೇ ಒಪ್ಪಿಗೆ ಅಂತ ಬರೆದುಕೊಂಡ್ರಿ. ಆಗ ಏನಂದ್ರಿ?

ವಿನಿಫ್ರೆಡ್ ಸೌಟಿಗೆ ಅಂಟಿದ ಬೆಣ್ಣೆಯನ್ನು ಒರೆಸತೊಡಗಿದಳು.

ಎಲ್ಡನ್: ಎತ್ತಿದ ಕೈ ಎತ್ತಿದ್ದೇ ಅಂದ್ರಿ. ‘ಹರಾಜಿನಲ್ಲಿ ನೀನೂ ಹಾಗೇ ತಾನೆ’ ಅಂದ್ರಿ. ವರ್ಷ ಪೂರ್ತಿ ನನ್ನ ಗಿರಾಕಿಗಳು ಮೂಗು ಮುಚ್ಚಿಕೊಂಡು ಕೂಗಿದ್ದಾರೆ.

ವಿನಿಫ್ರೆಡ್ ನಿಧಾನವಾಗಿ ಕೋಟಿನ ಗುಂಡಿ ಬಿಚ್ಚಿದಳು. ನಿಯಮ ಅವಳದೇ, ಅದನ್ನು ಮುರಿಯುವುದಕ್ಕಿಂತ ಕುರ್ಚಿ ಬಿಡುವುದು ಅವಳಿಗೆ ಸುಲಭ. ಬೀಗದಕೈ ಗೊಂಚಲನ್ನೂ ಸಮಿತಿಯ ಮೊಬೈಲನ್ನೂ ಎಲ್ಡನ್‌ನ ಕೈಗೆ ಹಾಕಿ, ಸೌಟನ್ನು ಅವುಗಳ ಮೇಲಿಟ್ಟಳು.

ವಿನಿಫ್ರೆಡ್: ನಾನೀಗ ಸಾಮಾನ್ಯ ಪ್ರಜೆ. ಜೋಳ ತಿಂತೀನಿ.

ಡೆಲ್ಬರ್ಟ್: ವಿನ್ನಿ, ಹಾಗಾದ್ರೆ ಈರೀಗೆ...

ಬಾಗಿಲು ಮುಚ್ಚಿಕೊಂಡಿತು. ಗಾಜಿನ ಆಚೆ ವಿನಿಫ್ರೆಡ್ ಒಂದು ಮಡಿಸುವ ಕುರ್ಚಿ ಹಾಕಿಕೊಂಡು, ಬೇಯಿಸಿದ ಮುಸುಕಿನ ಜೋಳದ ತೆನೆ ಕೊಂಡು, ಶೀತಕೋಣೆಯ ಕಡೆಗೇ ಮುಖ ಮಾಡಿ ಕುಳಿತಳು.

ಎಲ್ಡನ್ ಸೌಟು ಬಡಿದ. ಯಾರೂ ಗಲಾಟೆ ಮಾಡುತ್ತಿರಲಿಲ್ಲ. ಸುಮ್ಮನೆ ಬಡಿದು ನೋಡಿದ. ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು.

ಎಲ್ಡನ್: ಹಲೋ, ಅಧ್ಯಕ್ಷ ಎಲ್ಡನ್... ಅಲ್ಲಮ್ಮ, ಟೀಚರ್ ಇಲ್ಲ, ಮನೆಗೆ ಹೋದ್ರು, ವಾಷಿಂಗ್ಟನ್ ಹಾಗೆ... ಇಲ್ಲ ಇಲ್ಲ, ವಾಷಿಂಗ್ಟನ್ನಿಗೆ ಹೋಗಿಲ್ಲ, ಇಲ್ಲೇ ಇದ್ದಾರೆ... ಅಯ್ಯೋ, ಸತ್ತಿಲ್ಲಮ್ಮ! ಏನು ವಿಷಯ ಹೇಳಿ... ಪೀಚ್ ಹಣ್ಣಿನ ಪೈ ಸ್ಪರ್ಧೇನಾ? ನಿಮ್ಮ ಅಕ್ಕಂದು ಅಂಗಡೀಲಿ ಕೊಂಡ ಹಿಟ್ಟಾ?... ಅವರು ನಿಮ್ಮದನ್ನ ಅಂಗಡೀದು ಅಂತಾರಾ?... ಸರಿ, ನೀವೇ ಮೊದಲನೇ ಬಹುಮಾನ. ಸಂತೋಷಾನಾ?

ಅವನು ಮೊಬೈಲು ಇಳಿಸುವ ಮೊದಲೇ ಅದು ಮತ್ತೆ ಹೊಡೆದುಕೊಂಡಿತು.

ಎಲ್ಡನ್: ಹಲೋ... ಹೌದು ಅಕ್ಕಾ, ನಿಮ್ಮ ತಂಗಿ ಈಗಷ್ಟೇ... ಅಳಬೇಡಿ. ನೀವೂ ಮೊದಲನೇ ಬಹುಮಾನ. ಅವರಿಗೆ ಹೇಳಬೇಡಿ ಅಷ್ಟೆ.

ಡೆಲ್ಬರ್ಟ್: ಇದು ಗ್ರಾಂಟ್ ಮಾಡಿದ ತಪ್ಪು. ಕೇಳಿದವರಿಗೆಲ್ಲ ಹೂಂ ಅಂದ.

ಎಲ್ಡನ್: ಹಲೋ... ತುತ್ತೂರಿ ಬ್ಯಾಂಡಿನವರಿಗೂ ಟ್ರ್ಯಾಕ್ಟರ್ ಪಂದ್ಯಕ್ಕೂ ಒಂದೇ ಮೈದಾನ ಕೊಟ್ಟಿದ್ದಾರಾ? ಬ್ಯಾಂಡನ್ನ ಹಂದಿ ಕೊಟ್ಟಿಗೆ ಒಳಗೆ ಕಳಿಸಿ... ಹಂದಿಗಳು ಹೆದರ್ತಾವಾ? ಹಾಗಾದ್ರೆ ಹಂದಿಗಳನ್ನ ಆಚೆ ಬಿಡಿ!

ಡೆಲ್ಬರ್ಟ್: ಇದು ಜಾಕ್ಸನ್ ಮಾಡಿದ ತಪ್ಪು. ಇರೋರನ್ನ ಎಬ್ಬಿಸಿ ಕಳಿಸಿದ.

ಎಲ್ಡನ್: ಬಾಯಿ ಮುಚ್ಚು ಡೆಲ್ಬರ್ಟ್. ಹಲೋ... ಹೆಂಗಸರ ಶೌಚಾಲಯದಲ್ಲಿ ನೀರಿಲ್ಲವಾ? ನಾನು ನೋಡಬೇಕಾ? ನಾನು ಅಲ್ಲಿಗೆ ಹೇಗಮ್ಮ ಬರಲಿ?

ಡೆಲ್ಬರ್ಟ್: ಅಧ್ಯಕ್ಷರೇ, ತಲೆ ಯಾರದು?

ಎಲ್ಡನ್: ಯಾರದಾದ್ರೂ ಮಾಡು! ಫಿಲ್ಮೋರ್ ಮಾಡು! ಯಾರಿಗೆ ಗೊತ್ತಾಗುತ್ತೆ?

ಗಾಜಿನ ಆಚೆ ದೊಡ್ಡದೊಂದು ಹೆಣ್ಣು ಹಂದಿ ನಿಂಬೆ ಪಾನಕದ ಅಂಗಡಿಯತ್ತ ನಿಧಾನವಾಗಿ ನಡೆದು ಹೋಯಿತು. ಅದರ ಹಿಂದೆ ತುತ್ತೂರಿ ಹಿಡಿದವನೊಬ್ಬ ಓಡಿದ. ವಿನಿಫ್ರೆಡ್ ಜೋಳದ ತೆನೆಯನ್ನು ತಿರುಗಿಸಿ ಇನ್ನೊಂದು ಸಾಲು ಕಚ್ಚಿದಳು. ಎಲ್ಡನ್ ಉಣ್ಣೆಯ ಕೋಟಿನಲ್ಲೇ ಬಿಸಿಲಿಗೆ ಓಡಿಬಂದು ಅವಳ ಮುಂದೆ ನಿಂತ.

ಎಲ್ಡನ್: ಟೀಚರ್, ಶೌಚಾಲಯದ ನೀರಿನ ತಿರುಪು ಎಲ್ಲಿದೆ?

ವಿನಿಫ್ರೆಡ್: ಮನೆಗೆ ಹೋದ ಮೇಲೆ ವಾಷಿಂಗ್ಟನ್ ಯಾರಿಗೂ ತಿರುಪು ತೋರಿಸಲಿಲ್ಲ.

ಎಲ್ಡನ್: ವಾಪಸ್ ಬನ್ನಿ ಟೀಚರ್. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಕುರ್ಚಿ ಬಿಟ್ಟು ಹೋಗಿ ವಾಪಸ್ ಬರಲಿಲ್ವಾ?

ವಿನಿಫ್ರೆಡ್: ನಾಲ್ಕು ವರ್ಷ ಆದಮೇಲೆ ಬಂದ. ನನ್ನ ಜೋಳ ಇನ್ನೂ ಅರ್ಧ ಇದೆ.

ಎಲ್ಡನ್: ನಾನು ರಾಜೀನಾಮೆ ಕೊಡ್ತೀನಿ.

ವಿನಿಫ್ರೆಡ್: ಕೊಡು. ಮುದುಕ ಹ್ಯಾರಿಸನ್ ಒಂದು ತಿಂಗಳಾದ್ರೂ ಇದ್ದ. ಬೇರೆ ಯಾರನ್ನಾದ್ರೂ ಹುಡುಕಿಕೋ. ನನಗೆ ಬಿಡೋ ಬುದ್ಧಿ ಬಂದಿದೆ.

ಎಲ್ಡನ್ ಸುತ್ತ ನೋಡಿದ. ಹಂದಿಯ ಗಲಾಟೆ ನೋಡಲು ಜನ ಸೇರಿದ್ದರು. ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ. ಪಾನಕದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಹತ್ತಿ ನಿಂತ.

ಎಲ್ಡನ್: ಬನ್ನಿ ಸ್ವಾಮಿ ಬನ್ನಿ! ಅಧ್ಯಕ್ಷ ಪದವಿ! ಒಳ್ಳೆ ಸ್ಥಿತೀಲಿದೆ, ಇವತ್ತು ಮಧ್ಯಾಹ್ನ ಮಾತ್ರ ಉಪಯೋಗಿಸಿದ್ದು! ಜೊತೆಗೆ ಬೀಗದಕೈ, ಮೊಬೈಲು, ಮರದ ಸೌಟು! ಕಾಸು ಬೇಡ, ಕೈ ಎತ್ತಿದರೆ ಸಾಕು! ಯಾರಿಗೆ ಬೇಕು, ಯಾರಿಗೆ ಬೇಕು, ಯಾರಿಗೆ ಬೇಕು?

ಅಲ್ಲಿದ್ದವರೆಲ್ಲ ಅವನ ಹರಾಜಿನಲ್ಲಿ ಒಮ್ಮೆಯಾದರೂ ಮೂಗು ತುರಿಸಿಕೊಂಡು ಬೇಡದ ಕರುವನ್ನು ಮನೆಗೆ ಕರೆದೊಯ್ದವರು. ಗಂಡಸರು ಎರಡೂ ಕೈಗಳನ್ನು ಜೇಬಿಗಿಳಿಸಿದರು. ಹೆಂಗಸರು ತೋಳು ಕಟ್ಟಿಕೊಂಡರು. ಒಬ್ಬ ಮುದುಕ ಸೀನು ಬರುತ್ತಿದ್ದರೂ ಕರವಸ್ತ್ರ ತೆಗೆಯಲಿಲ್ಲ, ಹಾಗೇ ಸೀನಿದ.

ಎಲ್ಡನ್: ದೇಶ ದೇಶ ಅಂತೀರಿ, ನಾಯಕರಿಲ್ಲ ಅಂತ ಕೊರಗ್ತೀರಿ. ಒಂದು ಕೈ ಎದ್ದೇಳಲ್ವಾ? ಒಂದೇ ಒಂದು ಕೈ?

ಮಡಿಸುವ ಕುರ್ಚಿಯ ಕಡೆಯಿಂದ ಒಂದು ಕೈ ಮೇಲೆದ್ದಿತು, ಅರ್ಧ ತಿಂದ ಜೋಳದ ತೆನೆಯ ಸಮೇತ.

ಎಲ್ಡನ್: ಒಂದು ಸಾರಿ ಎರಡು ಸಾರಿ ಮೂರು ಸಾರಿ! ಟೀಚರಿಗೆ!

ವಿನಿಫ್ರೆಡ್: ಇದೇನಿದು! ಕಣಜದ ಹುಳ ಬಂದಿತ್ತು. ಅದನ್ನ ಓಡಿಸಿದೆ ಅಷ್ಟೆ.

ಎಲ್ಡನ್: ಎತ್ತಿದ ಕೈ ಎತ್ತಿದ್ದೇ, ಟೀಚರ್.

ವಿನಿಫ್ರೆಡ್ ನಿಟ್ಟುಸಿರು ಬಿಟ್ಟಳು. ನಿಟ್ಟುಸಿರು ಸ್ವಲ್ಪ ಉದ್ದವಾಗಿತ್ತು. ಆಮೇಲೆ ಎದ್ದು, ಇಡೀ ಮೈದಾನಕ್ಕೆ ಕೇಳುವಂಥ ಪಾಠದ ದನಿಯಲ್ಲಿ, ತಿರುಪು ಹಿತ್ತಲ ಗೋಡೆಯ ಹಿಂದಿದೆ ಎಂದಳು. ಬ್ಯಾಂಡು ಐದಕ್ಕೆ, ಟ್ರ್ಯಾಕ್ಟರು ಏಳಕ್ಕೆ ಎಂದಳು. ಅಕ್ಕತಂಗಿಯರಿಬ್ಬರ ಪೈಗೂ ಬಹುಮಾನವಿಲ್ಲ ಎಂದಳು. ಹಂದಿಗೆ ಏನೂ ಹೇಳಲಿಲ್ಲ. ಅದು ತಾನಾಗಿಯೇ ಕೊಟ್ಟಿಗೆಯ ಕಡೆ ತಿರುಗಿತು.

ಶೀತಕೋಣೆಯಲ್ಲಿ ಡೆಲ್ಬರ್ಟ್ ಅಷ್ಟರಲ್ಲಿ ಉದ್ದ ಮೂಗು, ಬಿಗಿದ ತುಟಿ, ಹಣೆಯಿಂದ ಹಿಂದಕ್ಕೆ ಬಾಚಿದ ಕೂದಲು ಮಾಡಿ ಮುಗಿಸಿದ್ದ. ವಿನಿಫ್ರೆಡ್ ಕೋಟು ತೊಟ್ಟು ಒಳಗೆ ಬಂದಳು.

ಡೆಲ್ಬರ್ಟ್: ನಿನ್ನ ವಾಷಿಂಗ್ಟನ್. ಬಿಟ್ಟು ಹೋದವನು. ಸರಿಯಾಗಿದ್ದಾನಾ?

ವಿನಿಫ್ರೆಡ್ ಮುಂದಿನಿಂದಲೂ ಪಕ್ಕದಿಂದಲೂ ನೋಡಿದಳು.

ವಿನಿಫ್ರೆಡ್: ಮೂಗು ಕಡಿಮೆ ಮಾಡು. ಗಲ್ಲ ಅಗಲ ಮಾಡು. ಫ್ರಾಂಕ್ಲಿನ್ ರೂಸ್ವೆಲ್ಟ್ ಇರಲಿ.

ಡೆಲ್ಬರ್ಟ್: ನಾಲ್ಕು ಸಲ ಗೆದ್ದು ಕುರ್ಚೀಲೇ ಸತ್ತವನಾ?

ವಿನಿಫ್ರೆಡ್: ಕಷ್ಟಕಾಲದಲ್ಲಿ ಬಿಟ್ಟು ಹೋಗಲಿಲ್ಲ. ಅದೂ ಒಂದು ಗುಣ.

ಡೆಲ್ಬರ್ಟ್: ಅವನಿಗೂ ಮೂಗಿನ ಮೇಲೆ ಕನ್ನಡಕ ಇತ್ತು, ವಿನ್ನಿ!

ವಿನಿಫ್ರೆಡ್: ಡಬ್ಬದಲ್ಲಿ ತಂತಿ ಇದೆ.

ಡೆಲ್ಬರ್ಟ್ ಚಾಕು ತೆಗೆದುಕೊಂಡು ವಾಷಿಂಗ್ಟನ್ನನ ಮೂಗನ್ನು ಒಂದೇ ಏಟಿಗೆ ಇಳಿಸಿದ. ಗಲ್ಲಕ್ಕೆ ಇನ್ನಷ್ಟು ಬೆಣ್ಣೆ ಮೆತ್ತಿದ.

ಡೆಲ್ಬರ್ಟ್: ನಾನು ಗಾಜಿನಿಂದ ನೋಡ್ತಾನೇ ಇದ್ದೆ. ಅಲ್ಲಿ ಕಣಜದ ಹುಳ ಇರಲಿಲ್ಲ.

ವಿನಿಫ್ರೆಡ್: ನಿನ್ನ ಕಿವೀಲಿ ಬೆಣ್ಣೆಯೂ ಇರಲಿಲ್ಲ.